ಪಟ್ಟಿ, ಆಯೇರಿ, ಜೋಳಿಗೆ, ತುಲಾಭಾರ: ಕೊಡುಗೆಯ ಕೂಟಗಳ ಪದಗಳು ಮತ್ತು ನಮ್ಮ ನಿಘಂಟುಗಳು

ಇಂಗ್ಲಿಷಿನ ‘ಫಂಡ್‌ರೈಸರ್’ ಎಂಬ ಮಾತಿಗೆ ಕನ್ನಡದ ಅನುವಾದ ಬರಹಗಳಲ್ಲಿ ರೂಢಿಗೆ ಬಂದಿರುವ ಸಮಾನಪದ ‘ನಿಧಿ ಸಂಗ್ರಹ ಕಾರ್ಯಕ್ರಮ’. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ, ಅರ್ಥವೂ ಸ್ಪಷ್ಟವಾಗಿದೆ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಯಾವ ಊರಿನಲ್ಲಿಯೂ ಒಬ್ಬರು ಇನ್ನೊಬ್ಬರನ್ನು ಇಂಥದೊಂದು ಕಾರ್ಯಕ್ರಮಕ್ಕೆ ಈ ಹೆಸರಿನಿಂದ ಕರೆಯುವುದಿಲ್ಲ. ಹಾಗೆಂದು ಅಲ್ಲಿ ಹಣ ಕೂಡಿಸುವ ಕೂಟಗಳಿಗೆ ಕೊರತೆಯಿಲ್ಲ. ಗುಡಿಯ ಜೀರ್ಣೋದ್ಧಾರ, ಮಠದ ದಾಸೋಹ, ಶಾಲೆಯ ಕೋಣೆ, ಜಾತ್ರೆಯ ನಾಟಕ, ದರ್ಗಾದ ಉರುಸು, ಸಾಮೂಹಿಕ ವಿವಾಹ ಇವೆಲ್ಲವೂ ವರ್ಷವಿಡೀ ಜನರ ಕೈಯಿಂದ ಹಣವನ್ನೂ ಧಾನ್ಯವನ್ನೂ ಪಡೆಯುತ್ತಲೇ ಇರುತ್ತವೆ. ಪ್ರತಿಯೊಂದಕ್ಕೂ ಒಂದು ಹೆಸರಿದೆ. ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಹೆಸರು ಮಾತ್ರ ಇಲ್ಲ.

ಈ ಇಲ್ಲದಿರುವಿಕೆಯನ್ನು ನಮ್ಮ ನಿಘಂಟುಕಾರರು ಕೊರತೆಯೆಂದು ಭಾವಿಸಿ ಸಂಸ್ಕೃತ ಸಮಾಸದಿಂದ ತುಂಬಿದ್ದಾರೆ. ಇದು ಕೊರತೆಯಲ್ಲ, ಹೆಸರಿಡುವ ಬೇರೊಂದು ತತ್ತ್ವ ಎಂಬುದು ನಮ್ಮ ವಾದ. ಇಲ್ಲಿಯ ಮಾತು ಕೂಟವನ್ನು ಅದರ ಉದ್ದೇಶದಿಂದ ಗುರುತಿಸುವುದಿಲ್ಲ. ಕೊಡುವ ಬಗೆ ಯಾವುದು, ಕೊಟ್ಟದ್ದನ್ನು ಯಾವುದರೊಳಗೆ ಹಾಕುತ್ತಾರೆ, ಕೊಟ್ಟದ್ದರ ಲೆಕ್ಕ ಮುಂದೆ ಹೇಗೆ ಚುಕ್ತಾ ಆಗುತ್ತದೆ ಎಂಬ ಮೂರು ಸಂಗತಿಗಳಿಂದ ಗುರುತಿಸುತ್ತದೆ. ನಾಮಪದಕ್ಕೆ ನಾಮಪದವನ್ನು ಎದುರಿಟ್ಟು ಸಾಗುವ ನಿಘಂಟಿಗೆ ಈ ಮೂರೂ ಕಾಣಿಸುವುದಿಲ್ಲ. ಅವು ಕ್ರಿಯಾಪದದಲ್ಲಿಯೂ ವಿಭಕ್ತಿಯಲ್ಲಿಯೂ ಅಡಗಿರುತ್ತವೆ.

ಈ ನಾಲ್ಕು ತಾಲೂಕುಗಳನ್ನು ಆಯ್ದುಕೊಳ್ಳಲು ಕಾರಣವಿದೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಸೇರಿದ ಇವು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಕಚೇರಿಯ ಮಾತಿನ ಮೂಲಕ ಮರಾಠಿ ಪದಗಳು ಇಲ್ಲಿಯ ಓಣಿಗಳಿಗೆ ಇಳಿದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಅಲ್ಲಿ ದಖನಿ ಉರ್ದುವಿನ ಪದರ ದಟ್ಟವಾಗಿದೆ. ಹಿರೇಕೆರೂರು ಶಿಕಾರಿಪುರಕ್ಕೆ ಅಂಟಿಕೊಂಡಿದ್ದು, ಮಲೆನಾಡಿನ ಸೆರಗಿನ ಮಾತಿಗೆ ಹತ್ತಿರವಾದುದು. ಹೀಗೆ ಒಂದೇ ಕೆಲಸಕ್ಕೆ ಮೂರು ದಿಕ್ಕಿನ ಪದಗಳು ಅಕ್ಕಪಕ್ಕದಲ್ಲಿ ಸಿಗುವ ನೆಲವಿದು. ನಮ್ಮ ಸಾಮಗ್ರಿಯೆಲ್ಲ ಸಾರ್ವಜನಿಕವಾದದ್ದು: ಆಮಂತ್ರಣ ಪತ್ರಿಕೆ, ಕರಪತ್ರ, ಧ್ವನಿವರ್ಧಕದ ಘೋಷಣೆ, ಗುಡಿಯ ಗೋಡೆಗೆ ಹಚ್ಚಿದ ದಾನಿಗಳ ಫಲಕ, ಕಟ್ಟೆಯ ಮೇಲಿನ ಮಾತು.

ಮೊದಲು ‘ಪಟ್ಟಿ’ಯನ್ನು ತೆಗೆದುಕೊಳ್ಳೋಣ. ಸಂಸ್ಕೃತದ ಪಟ್ಟ, ಪಟ್ಟಿಕಾಗಳ ಬಳಗದ ಈ ಪದಕ್ಕೆ ಶಿಷ್ಟ ಕನ್ನಡದಲ್ಲಿ ‘ಯಾದಿ’ ಎಂಬ ಅರ್ಥವೇ ಪ್ರಧಾನ. ಮರಾಠಿಯಲ್ಲಿ ‘ಘರಪಟ್ಟಿ’, ‘ಪಾಣಿಪಟ್ಟಿ’ಗಳಂತೆ ಕರದ ಅರ್ಥವೂ ಇದೆ. ನಮ್ಮ ತಾಲೂಕುಗಳಲ್ಲಿ ಪಟ್ಟಿ ಎಂದರೆ ಊರ ಕೆಲಸಕ್ಕೆಂದು ಮನೆಮನೆಯಿಂದ ಕೂಡಿಸುವ ಹಣ. ಯಾದಿಯಿಂದ ಹಣಕ್ಕೆ ಆದ ಈ ಅರ್ಥಪಲ್ಲಟ ಸರಳವಾದ ಲಕ್ಷಣೆ. ಕುತೂಹಲದ ಸಂಗತಿ ಇರುವುದು ಅದರ ಜೊತೆಗೆ ಬರುವ ಕ್ರಿಯಾಪದಗಳಲ್ಲಿ. ‘ಮನಿಗೆ ಐನೂರ ಪಟ್ಟಿ ಹಾಕ್ಯಾರ’ ಎಂದಾಗ ಊರ ಹಿರಿಯರು ಮೊತ್ತವನ್ನು ನಿಗದಿಪಡಿಸಿದ್ದಾರೆ; ಇದು ಕರದ ಛಾಯೆ. ‘ಪಟ್ಟಿ ಎತ್ತಾಕ ಬಂದಾರ’ ಎಂದಾಗ ಕೂಡಿಸುವವರು ಬಾಗಿಲಿಗೆ ಬಂದಿದ್ದಾರೆ. ಮೊತ್ತ ಕೊಡುವವರ ಮನಸ್ಸಿಗೆ ಬಿಟ್ಟದ್ದು. ‘ನಿಮ್ಮ ಪಟ್ಟಿ ಇನ್ನೂ ಬಂದಿಲ್ರಿ’ ಎಂದಾಗ ಪಟ್ಟಿಯು ಮನೆಯೊಂದರ ಪಾಲಾಗಿ, ಷಷ್ಠಿ ವಿಭಕ್ತಿಯನ್ನು ಹೊತ್ತು ನಿಲ್ಲುತ್ತದೆ. ಯಾದಿ, ಕರ, ಪಾಲು, ಕೊಡುಗೆ ಈ ನಾಲ್ಕನ್ನೂ ಒಂದೇ ನಾಮಪದ ಹೊರುತ್ತದೆ. ಯಾವುದು ಎಂಬುದನ್ನು ಕ್ರಿಯಾಪದ ತೀರ್ಮಾನಿಸುತ್ತದೆ. ‘ಪಟ್ಟಿ: ಚಂದಾ, ವಂತಿಗೆ’ ಎಂದು ಬರೆದು ಮುಂದೆ ಹೋಗುವ ನಿಘಂಟು ಓದುಗನಿಗೆ ಇಷ್ಟರಲ್ಲಿ ಏನನ್ನೂ ಹೇಳಿದಂತಾಗುವುದಿಲ್ಲ. ಪಟ್ಟಿ ಹಾಕಿದ ಊರಿನಲ್ಲಿ ಕೊಡದಿರುವುದು ತಪ್ಪು. ಪಟ್ಟಿ ಎತ್ತಿದ ಊರಿನಲ್ಲಿ ಕೊಡದಿರುವುದು ಕೇವಲ ಜಿಪುಣತನ.

ಸಮಾನಪದಗಳೆಂದು ನೀಡಲಾಗುವ ಆ ಎರಡು ಪದಗಳೂ ಇಲ್ಲಿ ಹಾಗೆ ನಡೆಯುವುದಿಲ್ಲ. ‘ವಂತಿಗೆ’ ಗ್ರಂಥಸ್ಥವಾದದ್ದು, ಮುದ್ರಿತ ಮನವಿಗಳಲ್ಲಿ ಕಾಣುತ್ತದೆ, ನಾಲಿಗೆಯ ಮೇಲೆ ವಿರಳ. ಪಾರಸಿ ಮೂಲದ ‘ಚಂದಾ’ ಶಿಷ್ಟ ಕನ್ನಡದಲ್ಲಿ ಪತ್ರಿಕೆಯ ಚಂದಾದಾರರ ಕಡೆಗೆ ಸರಿದಿದೆ. ಸವಣೂರಿನ ದಖನಿ ಮನೆಗಳಲ್ಲಿ ಮಸೀದಿಯ ಕೆಲಸಕ್ಕೆ ಕೂಡಿಸುವ ಹಣವಾಗಿ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಇನ್ನು ಶುದ್ಧ ಕನ್ನಡವೆಂದು ಪತ್ರಿಕೆಗಳು ಎತ್ತಿಹಿಡಿಯುವ ‘ದೇಣಿಗೆ’ಯ ಕಥೆ ಸ್ವಾರಸ್ಯಕರ. ಅದು ಮರಾಠಿಯ ‘ದೇಣಗಿ’. ಕೊಡಿಗೆ, ಉಡುಗೆ, ನಂಬಿಗೆಗಳ ಸಾಲಿನಲ್ಲಿ ಕೂತದ್ದರಿಂದ ಅದರ ಕೊನೆಗೆ ‘-ಇಗೆ’ ಎಂಬ ಕನ್ನಡ ಪ್ರತ್ಯಯದ ರೂಪ ಬಂದು, ಮೂಲ ಮರೆತಿದೆ. ಎರವಲಿನ ವಿರುದ್ಧ ದನಿಯೆತ್ತುವ ಲೇಖನಗಳೂ ‘ದೇಣಿಗೆ’ಯನ್ನು ನಿಶ್ಚಿಂತೆಯಿಂದ ಬಳಸುತ್ತವೆ. ನಮ್ಮ ಆಕ್ಷೇಪವಿರುವುದು ಎರವಲಿನ ಬಗೆಗಲ್ಲ. ‘ಕಾಣಿಕೆ’ಯಂಥ ಅಚ್ಚ ದ್ರಾವಿಡ ಪದ ಪಕ್ಕದಲ್ಲೇ ಇದ್ದು, ಅದು ‘ಕಾಣ್’ ಧಾತುವಿನಿಂದ ಬಂದಿದೆ, ಹಿರಿಯರನ್ನು ಕಾಣಲು ಹೋದಾಗ ಕೊಡುವಂಥದ್ದು ಎಂಬ ವಿವರವನ್ನು ಗಮನಿಸದೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ರೂಢಿಯ ಬಗೆಗೆ.

ಮದುವೆಯ ಉಡುಗೊರೆಗೆ ಇಲ್ಲಿಯ ಹೆಸರು ‘ಆಯೇರಿ’. ‘ಆಯಾರ’, ‘ಆಹೇರು’ ಎಂದೂ ಕೇಳಿಸುತ್ತದೆ, ಮರಾಠಿಯ ‘ಆಹೇರ’ದಿಂದ ಬಂದದ್ದು. ದಕ್ಷಿಣದ ಜಿಲ್ಲೆಗಳಲ್ಲಿಯೂ ಮಲೆನಾಡಿನ ಕಡೆಗೂ ಇದಕ್ಕೆ ಸಮೀಪದ ಪದ ‘ಮುಯ್ಯಿ’. ಮುಯ್ಯಿಗೆ ದ್ರಾವಿಡ ಮೂಲವಿದೆ. ಮರುಕೊಡುಗೆ ಮತ್ತು ಸೇಡು ಎಂಬ ಎರಡು ಅರ್ಥಗಳು ಅದರಲ್ಲಿ ಒಟ್ಟಿಗೆ ನೆಲೆಸಿವೆ. ಗದ್ದೆಯಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಳಾಗಿ ಬಂದು ಆಮೇಲೆ ಅದನ್ನೇ ಪಡೆಯುವ ‘ಮುಯ್ಯಾಳು’ ಕೂಡ ಇದೇ ಪದದ ಕುಡಿ. ಮದುವೆಯ ಪೆಂಡಾಲಿನಲ್ಲಿ ಒಬ್ಬರು ವಹಿ ಹಿಡಿದು ಕೂತು, ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಬರೆಯುತ್ತಾರೆ. ಧ್ವನಿವರ್ಧಕದಲ್ಲಿ ಅದನ್ನು ಕೂಗುವುದೂ ಉಂಟು. ದಕ್ಷಿಣದ ‘ಮುಯ್ಯಿ ಓದಿಸು’ ಎಂಬ ನುಡಿಗಟ್ಟು ಆ ಕೂಗುವಿಕೆಯನ್ನೇ ಹಿಡಿದಿದೆ. ಈ ವಹಿ ಸಾಲದ ಪುಸ್ತಕವಲ್ಲ, ದಾನದ ಪುಸ್ತಕವೂ ಅಲ್ಲ. ಮಾರ್ಸೆಲ್ ಮಾಸ್ 1925ರ ತನ್ನ ಪ್ರಬಂಧದಲ್ಲಿ ಕೊಡುವ, ಸ್ವೀಕರಿಸುವ, ಮರಳಿಸುವ ಮೂರು ಹೊಣೆಗಳನ್ನು ವಿವರಿಸಿದನೆಂಬುದು ಮಾನವಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ. ಭಾಷಾವಿಜ್ಞಾನಕ್ಕೆ ಮುಖ್ಯವಾದದ್ದು, ಮೂರನೆಯ ಹೊಣೆಯನ್ನು ಕನ್ನಡ ಒಂದು ಕ್ರಿಯಾಪದದಿಂದ ಪರೀಕ್ಷಿಸಲು ಬಿಡುತ್ತದೆ ಎಂಬುದು. ಆ ಕ್ರಿಯಾಪದ ‘ತೀರಿಸು’.

ಸಾಲ ತೀರಿಸುತ್ತೇವೆ, ಮುಯ್ಯಿ ತೀರಿಸುತ್ತೇವೆ, ಹರಕೆ ತೀರಿಸುತ್ತೇವೆ. ಆಯೇರಿಗೆ ‘ತಿರುಗಿ ಮಾಡು’ ಎಂಬ ಬಳಕೆ ಅದೇ ಕೆಲಸವನ್ನು ಮಾಡುತ್ತದೆ. ಆದರೆ ‘ಕಾಣಿಕೆ ತೀರಿಸಿದೆ’, ‘ದಾಸೋಹ ತೀರಿಸಿದೆ’ ಎಂದರೆ ಕನ್ನಡಿಗನ ಕಿವಿ ಒಪ್ಪುವುದಿಲ್ಲ. ‘ಪಟ್ಟಿ ತೀರಿಸು’ ನಡುವೆ ತೂಗುತ್ತದೆ: ಹಾಕಿದ ಪಟ್ಟಿಯಾದರೆ ಸಹ್ಯ, ಎತ್ತಿದ ಪಟ್ಟಿಯಾದರೆ ಅಸಂಗತ. ಇದೇ ಪರೀಕ್ಷೆಯಿಂದ ಕೊಡುಗೆಯ ಪದಗಳು ತಾವಾಗಿಯೇ ಎರಡು ಬಣಗಳಾಗುತ್ತವೆ. ಒಂದರಲ್ಲಿ ಲೆಕ್ಕ ತೆರೆದಿರುತ್ತದೆ, ಇನ್ನೊಂದರಲ್ಲಿ ಕೊಟ್ಟ ಕ್ಷಣದಲ್ಲೇ ಮುಚ್ಚುತ್ತದೆ. ‘ದಾನಧರ್ಮ’ ಮತ್ತು ‘ಸಾಮಾಜಿಕ ಸಮಾರಂಭ’ ಎಂದು ವಿಷಯಕ್ಕನುಗುಣವಾಗಿ ಅಧ್ಯಾಯಗಳನ್ನು ಬೇರ್ಪಡಿಸುವ ಪದಕೋಶಗಳ ವಿಭಾಗಕ್ರಮ ಇಲ್ಲಿ ಅಡ್ಡದಾರಿ ಹಿಡಿಯುತ್ತದೆ. ಹರಕೆ ದೇವರದ್ದು, ಮುಯ್ಯಿ ನೆಂಟರದ್ದು. ಆದರೂ ಅವೆರಡೂ ಒಂದೇ ಬಣ.

ಲೆಕ್ಕ ಮುಚ್ಚುವ ಬಣದ ಪ್ರಧಾನ ಪದ ‘ಜೋಳಿಗೆ’. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನೂ ಕಟ್ಟಿದರು. ಇಂಥ ಸಂಸ್ಥೆಗಳ ಹುಟ್ಟನ್ನು ಈ ಸೀಮೆಯ ಜನ ಹೇಳುವ ಮಾತು ‘ಜೋಳಿಗಿ ಹಿಡಿದು ಕಟ್ಟಿದರು’ ಎಂಬುದು. ಈ ನುಡಿಗಟ್ಟಿನ ಕರ್ತೃ ಪಡೆಯುವವನು. ಪಟ್ಟಿಯಲ್ಲಿ ಎತ್ತುವವನು ಊರಿನ ಪ್ರತಿನಿಧಿ. ಜೋಳಿಗೆಯಲ್ಲಿ ಹಿಡಿಯುವವನು ಸ್ವತಃ ಪೂಜ್ಯ. ಬೇಡುವವನ ಸ್ಥಾನ ಕೊಡುವವನಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಕೊಟ್ಟವನು ಧನ್ಯ; ಆತ ಮರಳಿ ಏನನ್ನೂ ನಿರೀಕ್ಷಿಸುವಂತಿಲ್ಲ. ಪದದ ಈ ಶಕ್ತಿಯನ್ನು ಚೆನ್ನಾಗಿ ಅರಿತವರು ಇಳಕಲ್ಲಿನ ಮಹಾಂತ ಸ್ವಾಮಿಗಳು. 1975ರಲ್ಲಿ ಅವರು ಆರಂಭಿಸಿದ ‘ಮಹಾಂತ ಜೋಳಿಗೆ’ಯಲ್ಲಿ ಜನ ಹಾಕಬೇಕಾದದ್ದು ತಮ್ಮ ದುಶ್ಚಟಗಳನ್ನು. ‘ನಿಧಿ ಸಂಗ್ರಹ’ ಎಂಬ ಪದದಿಂದ ಇಂಥ ವಿಸ್ತರಣೆ ಸಾಧ್ಯವಾಗುತ್ತಿರಲಿಲ್ಲ. ನಿಧಿಯಲ್ಲಿ ಏನು ಸೇರಬೇಕೆಂಬುದು ಪದದೊಳಗೇ ನಿಗದಿಯಾಗಿದೆ. ಜೋಳಿಗೆ ಬರಿಯ ಚೀಲ. ಏನನ್ನು ಹಾಕಿದರೂ ಹಿಡಿಸುತ್ತದೆ.

ನಮ್ಮ ದೃಷ್ಟಿಯಲ್ಲಿ ಅತ್ಯಂತ ಶ್ರೀಮಂತವಾದ ಉದಾಹರಣೆ ‘ತುಲಾಭಾರ’. ಧರ್ಮಶಾಸ್ತ್ರಗಳು ಹೇಳುವ ಷೋಡಶ ಮಹಾದಾನಗಳಲ್ಲಿ ‘ತುಲಾಪುರುಷ’ವೂ ಒಂದು. ಅರಸನು ತಕ್ಕಡಿಯಲ್ಲಿ ಕುಳಿತು, ತನ್ನ ತೂಕದ ಚಿನ್ನವನ್ನು ದಾನ ಮಾಡುತ್ತಿದ್ದನು. ಹಂಪಿಯ ವಿಠ್ಠಲ ದೇಗುಲದ ಸಮೀಪದಲ್ಲಿರುವ ಕಲ್ಲಿನ ತುಲಾಸ್ತಂಭ ಪ್ರವಾಸಿಗಳಿಗೂ ಪರಿಚಿತ. ಇಲ್ಲಿ ತೂಗಿಸಿಕೊಳ್ಳುವವನೇ ಕೊಡುವವನು. ದೇವಸ್ಥಾನಗಳಲ್ಲಿ ಭಕ್ತರು ಹರಕೆ ಹೊತ್ತು ಮಾಡಿಸುವ ತುಲಾಭಾರದಲ್ಲಿಯೂ ಅದೇ ಕಾರಕ ಸಂಬಂಧ ಮುಂದುವರಿದಿದೆ. ಆದರೆ ಹಾವೇರಿ, ಗದಗ ಸೀಮೆಯ ಭಿತ್ತಿಪತ್ರಗಳಲ್ಲಿ ‘ಪೂಜ್ಯರ ತುಲಾಭಾರ’ ಎಂದು ಅಚ್ಚಾದಾಗ ತಕ್ಕಡಿಯಲ್ಲಿ ಕೂರುವವರು ಗುರುಗಳು, ಇನ್ನೊಂದು ತಟ್ಟೆಗೆ ನಾಣ್ಯ ಸುರಿಯುವವರು ಭಕ್ತರು, ಹಣ ಸೇರುವುದು ಆಶ್ರಮಕ್ಕೆ ಅಥವಾ ಮಠಕ್ಕೆ. ತೂಗಿಸಿಕೊಳ್ಳುವವನ ಪಾತ್ರ ದಾನಿಯಿಂದ ನಿಮಿತ್ತಕ್ಕೆ ಸರಿದಿದೆ.

ಈ ಬಳಕೆಯನ್ನು ಜನಮನದಲ್ಲಿ ನೆಲೆಗೊಳಿಸಿದವರಲ್ಲಿ ಮೊದಲಿಗರು ಪಂಡಿತ ಪುಟ್ಟರಾಜ ಗವಾಯಿಗಳು (1914–2010). ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದ ಅವರೂ, ಅದೇ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅವರ ಗುರು ಪಂಚಾಕ್ಷರ ಗವಾಯಿಗಳೂ (1892–1944) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ನೀಡಿದರು. ಆ ಮಕ್ಕಳ ಊಟದ ಒಂದು ಭಾಗ ಊರೂರುಗಳಲ್ಲಿ ನಡೆದ ನಾಣ್ಯ ತುಲಾಭಾರಗಳಿಂದ ಬಂತು. ಇಂಗ್ಲಿಷ್ ಓದುಗನಿಗೆ ಇದನ್ನು ವಿವರಿಸುವಾಗ ಫಂಡ್‌ರೈಸರ್ ಎನ್ನದೆ ಗತಿಯಿಲ್ಲ. ಆದರೂ ಕನ್ನಡದಲ್ಲಿ ‘ಗವಾಯಿಗಳಿಗಾಗಿ ನಿಧಿ ಸಂಗ್ರಹ’ ಎಂದು ಯಾರಾದರೂ ಅಚ್ಚು ಹಾಕಿಸಿದ್ದರೆ ಅದು ಅಪಚಾರವೆನಿಸುತ್ತಿತ್ತು. ವ್ಯತ್ಯಾಸ ಚತುರ್ಥಿ ಮತ್ತು ಷಷ್ಠಿಗಳ ನಡುವಿನದು. ‘ಗವಾಯಿಗಳಿಗಾಗಿ’ ಎಂಬ ಚತುರ್ಥಿ ಅವರನ್ನು ಪಡೆಯುವವರನ್ನಾಗಿ ಮಾಡುತ್ತದೆ. ‘ಗವಾಯಿಗಳ ತುಲಾಭಾರ’ ಎಂಬ ಷಷ್ಠಿ ಕೊಡುವವರು ಯಾರು, ಪಡೆಯುವವರು ಯಾರು ಎಂಬ ಪ್ರಶ್ನೆಯನ್ನೇ ಮುಸುಕಿನಲ್ಲಿಡುತ್ತದೆ. ಹಳೆಯ ಅರ್ಥದ ಛಾಯೆಯಿಂದ ಗುರುವೇ ದಾನಿಯಾಗಿ ಕಾಣುವ ಅವಕಾಶವೂ ಉಳಿಯುತ್ತದೆ. ಭಕ್ತರ ಕ್ರಿಯೆಯನ್ನು ಹೇಳಬೇಕಾದಾಗ ಪತ್ರಿಕೆಗಳು ‘ತುಲಾಭಾರ ಸೇವೆ ಸಲ್ಲಿಸಿದರು’ ಎನ್ನುತ್ತವೆ, ಕೊಟ್ಟರು ಎನ್ನುವುದಿಲ್ಲ.

ಇದೇ ತಿರುವು ಆಶ್ರಮದ ನಾಟಕ ಕಂಪನಿಯ ಹೆಸರಿನಲ್ಲಿಯೂ ಇದೆ. ಪಂಚಾಕ್ಷರ ಗವಾಯಿಗಳಿಗೆ ಆಸರೆಯಾಗಿದ್ದವರು ಹಾನಗಲ್ಲ ಕುಮಾರ ಸ್ವಾಮಿಗಳು; ಆದ್ದರಿಂದ ನಾಟ್ಯ ಸಂಘ ‘ಕುಮಾರೇಶ್ವರ ಕೃಪಾಪೋಷಿತ’. ನಾಟಕದ ಗಲ್ಲಾಪೆಟ್ಟಿಗೆಯ ಹಣ ಆಶ್ರಮವನ್ನು ಪೋಷಿಸುತ್ತಿತ್ತು. ಹೆಸರು ಮಾತ್ರ ಗುರುಕೃಪೆ ಕಂಪನಿಯನ್ನು ಪೋಷಿಸುತ್ತಿದೆ ಎನ್ನುತ್ತದೆ. ‘ಕೃಪಾಪೋಷಿತ’ವನ್ನು ಅಲಂಕಾರದ ಮಾತೆಂದು ತಳ್ಳಿಹಾಕುವ ರಂಗಭೂಮಿ ಇತಿಹಾಸಕಾರರೊಂದಿಗೆ ನಮಗೆ ಸಹಮತವಿಲ್ಲ. ಹಣದ ಹರಿವಿಗೆ ವಿರುದ್ಧ ದಿಕ್ಕಿನಲ್ಲಿ ಹೆಸರನ್ನು ಹರಿಸುವುದು ಈ ಬಣದ ಪದಗಳ ನಿಯತ ಗುಣ.

ಉದ್ದೇಶವನ್ನೇ ಹೆಸರಿಸುವ ಪದ ಇಲ್ಲವೇ ಇಲ್ಲವೆಂದಲ್ಲ. ‘ಸಹಾಯಾರ್ಥ’ ಇದೆ, ಶಾಲೆಯ ಕಟ್ಟಡದ ಸಹಾಯಾರ್ಥ ನಾಟಕ ಎಂಬ ಶೀರ್ಷಿಕೆ ಹಳೆಯ ಹಸ್ತಪತ್ರಿಕೆಗಳಿಂದ ಇಂದಿನವರೆಗೂ ಬಂದಿದೆ. ಅದು ‘ಬೆನಿಫಿಟ್’ ಎಂಬ ಇಂಗ್ಲಿಷ್ ರಂಗಪದದ ಛಾಯೆ. ಮುದ್ರಣದಲ್ಲಿ ಹುಟ್ಟಿ ಮುದ್ರಣದಲ್ಲೇ ಉಳಿದದ್ದು. ಹೋಗುವವರು ‘ನಾಟಕಕ್ಕ ಹೊಂಟೇವಿ’ ಎನ್ನುತ್ತಾರೆ.

ಕೂಟಗಳ ಹೆಸರುಗಳನ್ನು ಇಲ್ಲಿ ಬೇಗನೆ ಮುಟ್ಟಿ ಹೋಗುತ್ತೇವೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ ಶರೀಫ ಸಾಹೇಬರ ಸ್ಮರಣೆಯಲ್ಲಿ ಸೇರುವ ಜನ ಅದನ್ನು ‘ಜಾತ್ರಿ’ ಎನ್ನುತ್ತಾರೆ. ದರ್ಗಾಗಳಲ್ಲಿ ಸೇರುವುದು ‘ಉರುಸು’. ಮೊದಲನೆಯದು ‘ಯಾತ್ರಾ’ದ ತದ್ಭವ, ಎರಡನೆಯದು ಅರಬ್ಬಿಯಲ್ಲಿ ಮದುವೆ. ಜಾತ್ರೆಯಲ್ಲಿ ದೇವರ ಮುಂದಿನ ಕಾಯಿ, ಸೀರೆಗಳನ್ನು ‘ಸವಾಲಿ’ಗೆ ಹಿಡಿಯುತ್ತಾರೆ. ಶಿಷ್ಟ ಕನ್ನಡದಲ್ಲಿ ಪಂಥಾಹ್ವಾನವೆಂಬ ಅರ್ಥ ತಳೆದ ಈ ಅರಬ್ಬಿ ಪದ ಇಲ್ಲಿ ಹರಾಜಿನ ಕೂಗು. ಪೋರ್ತುಗೀಜ್ ಮೂಲದ ‘ಲಿಲಾವು’ ಇದರ ಜೊತೆಗಾರ. ಶಾಲಾ ಕಾಲೇಜುಗಳ ವಾರ್ಷಿಕೋತ್ಸವವೊಂದೇ ಇಲ್ಲಿ ‘ಗ್ಯಾದರಿಂಗ್’. ಮುಂಬಯಿ ಪ್ರಾಂತದ ‘ಸೋಶಿಯಲ್ ಗ್ಯಾದರಿಂಗ್’ ಮೊದಲ ಪದವನ್ನು ಕಳೆದುಕೊಂಡು ಹೀಗೆ ಕುಗ್ಗಿದೆ. ಅದರ ಅಚ್ಚುಕಟ್ಟಾದ ರೂಪ ‘ಸ್ನೇಹ ಸಮ್ಮೇಳನ’ವೂ ಮರಾಠಿಯ ದಾರಿಯಿಂದಲೇ ಬಂತು. ಅತಿ ವಿಶಾಲವಾದ ಅರ್ಥದ ಇಂಗ್ಲಿಷ್ ಪದವನ್ನು ಈ ನೆಲ ತೆಗೆದುಕೊಂಡು ಅತಿ ಕಿರಿದಾದ ಒಂದೇ ಕೂಟಕ್ಕೆ ಕಟ್ಟಿಹಾಕಿತು. ಸಾಮಾನ್ಯವಾಚಕದ ಅಗತ್ಯ ಇಲ್ಲಿಯವರಿಗೆ ಕಂಡಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಬೇಡ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಪಾತ್ರೆಯನ್ನು ಹೇಳಿ ಪದಾರ್ಥವನ್ನು ಸೂಚಿಸುವುದು ಎಲ್ಲ ಭಾಷೆಗಳ ಲಕ್ಷಣೆ. ಇಂಗ್ಲಿಷಿನಲ್ಲಿಯೂ ಟೋಪಿ ತಿರುಗಿಸಿ ಹಣ ಎತ್ತುತ್ತಾರೆ. ನಾಯಕರಿಗೆ ‘ಹಮ್ಮಿಣಿ ಅರ್ಪಣೆ’ ಎಂಬುದು ನಮ್ಮ ರಾಷ್ಟ್ರೀಯ ಚಳವಳಿಯ ಕಾಲದ ಕನ್ನಡದಲ್ಲಿಯೂ ಇತ್ತು. ಒಪ್ಪತಕ್ಕದ್ದೇ. ಆದರೆ ಇಂಗ್ಲಿಷಿನಲ್ಲಿ ಅಂಥ ಪದಗಳು ಒಂದು ಸಾಮಾನ್ಯವಾಚಕದ ಕೆಳಗಿನ ವಿಧಗಳಾಗಿ ಕೂರುತ್ತವೆ. ಇಲ್ಲಿ ಅವು ಒಂದೊಂದೂ ಸ್ವತಂತ್ರವಾಗಿ, ತನ್ನದೇ ಕ್ರಿಯಾಪದ ಮತ್ತು ವಿಭಕ್ತಿಯ ಪರಿವಾರದೊಂದಿಗೆ ನಿಲ್ಲುತ್ತವೆ. ಇದು ಇತ್ತೀಚಿನದೂ ಅಲ್ಲ. ಹಾನಗಲ್ಲು ಕದಂಬರ ರಾಜಧಾನಿಯಾಗಿದ್ದ ಕಾಲದ ದತ್ತಿ ಶಾಸನಗಳ ಭಾಷೆಯನ್ನು ಬಲ್ಲವರಿಗೆ ‘ಕಾಲಂ ಕರ್ಚಿ’, ‘ಧಾರಾಪೂರ್ವಕಂ’ ಎಂಬ ಸೂತ್ರಗಳು ನೆನಪಾಗುತ್ತವೆ. ಪಡೆಯುವವನ ಪಾದ ತೊಳೆದು, ನೀರೆರೆದು ‘ಬಿಟ್ಟ’ ದತ್ತಿ ಅದು. ಕೊಟ್ಟ ಭೂಮಿಯ ಉಪಯೋಗಕ್ಕಿಂತ ಮೊದಲು ಕೊಟ್ಟ ಬಗೆ ದಾಖಲಾಗುತ್ತಿತ್ತು.

ಹಾಗಾದರೆ ನಿಘಂಟುಗಳು ಎಡವಿದ್ದು ಎಲ್ಲಿ? ಕಿಟ್ಟೆಲ್‌ರ 1894ರ ನಿಘಂಟು ಮರಾಠಿ, ಹಿಂದುಸ್ತಾನಿ ಎರವಲುಗಳನ್ನು ಗುರುತು ಹಾಕಿ ಕೊಡುವ ಮೂಲಕ ಈ ಸೀಮೆಗೆ ದೊಡ್ಡ ಉಪಕಾರ ಮಾಡಿತು. ಕ್ರೈಸ್ತ ಪಾದ್ರಿಯೊಬ್ಬರು ಮಾಡಿದ ಆ ಕೆಲಸದಲ್ಲಿ ಗಾದೆ ಮತ್ತು ಆಡುಮಾತಿಗೂ ಜಾಗವಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಮಹಾನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಆಧರಿಸಿ ಬೆಳೆಯಿತು. ಅದರ ಘನತೆಯ ಬಗೆಗೆ ಎರಡು ಮಾತಿಲ್ಲ. ಆದರೆ ಕಾವ್ಯದಲ್ಲಿ ಪ್ರಯೋಗ ಸಿಗದ ‘ಪಟ್ಟಿ ಹಾಕು’, ‘ಜೋಳಿಗೆ ಹಿಡಿ’ಗಳಿಗೆ ಅಂಥ ವಿಧಾನದಲ್ಲಿ ದ್ವಾರ ಕಿರಿದು. ಇವುಗಳ ನಂತರದ ಇಂಗ್ಲಿಷ್–ಕನ್ನಡ ಪದಕೋಶಗಳಾದರೋ ಇಂಗ್ಲಿಷಿನ ಶೀರ್ಷಿಕೆಯಿಂದ ಹೊರಡುತ್ತವೆ. ಕನ್ನಡದಲ್ಲಿ ಇರುವುದನ್ನು ಅವು ಹುಡುಕುವುದಿಲ್ಲ, ಇಂಗ್ಲಿಷಿನಲ್ಲಿ ಇರುವುದಕ್ಕೆ ಜೋಡಿ ಹುಡುಕುತ್ತವೆ. ಯಂತ್ರಾನುವಾದಕ್ಕೆ ಈಗ ಆಹಾರವಾಗುತ್ತಿರುವುದು ಈ ಮೂರನೆಯ ಬಗೆಯ ಸಾಮಗ್ರಿ.

ಇದು ಕೇವಲ ಶಾಸ್ತ್ರದ ಜಗಳವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿದಾಗ ಊರೂರಿನ ಜನ ರೊಟ್ಟಿ, ಚಟ್ನಿಪುಡಿ, ಬಟ್ಟೆ ಕೂಡಿಸಿ ಕಳಿಸಿದರು. ಮುದ್ರಿತ ಮನವಿಗಳಲ್ಲಿ ‘ಪರಿಹಾರ ನಿಧಿ’, ‘ಸಂತ್ರಸ್ತರು’, ‘ಫಲಾನುಭವಿಗಳು’ ಎಂಬ ಪದಗಳಿದ್ದವು. ಮಾತಿನಲ್ಲಿ ‘ಕೂಡಿಸಿ ಕಳಸೇವಿ’ ಎಂಬುದಷ್ಟೇ ಇತ್ತು. ಇನ್ನೂ ಸೂಕ್ಷ್ಮವಾದದ್ದು ಒಂದೇ ಮನೆಯ ಆಪತ್ತಿನ ಸಂದರ್ಭ. ದುಡಿಯುವ ಕೈ ಆಸ್ಪತ್ರೆಗೆ ಸೇರಿದಾಗಲೋ ಮನೆ ಸುಟ್ಟಾಗಲೋ ಓಣಿಯವರು ಹಣ ಕೂಡಿಸಿ ಕೊಡುತ್ತಾರೆ. ಇದನ್ನು ಪಟ್ಟಿ ಎನ್ನುವುದಿಲ್ಲ, ಅದು ಊರ ಕೆಲಸಕ್ಕೆ ಮೀಸಲು. ಆಯೇರಿ ಎನ್ನುವುದಿಲ್ಲ, ಮರಳಿಸುವ ಹೊಣೆ ಆ ಮನೆಯ ಮೇಲೆ ಬೀಳುತ್ತದೆ. ಭಿಕ್ಷೆ, ದ್ಯಾನ, ಧರ್ಮ ಎಂದು ಅಪ್ಪಿತಪ್ಪಿಯೂ ಎನ್ನುವುದಿಲ್ಲ. ‘ಎಲ್ಲಾರೂ ಕೂಡಿ ಕೊಟ್ವಿ’ ಎಂಬ ಕ್ರಿಯಾಪದ ಮಾತ್ರ; ಕೊಟ್ಟದ್ದಕ್ಕೆ ನಾಮಪದವಿಲ್ಲ, ಕರ್ಮ ಲುಪ್ತ. ಹೆಸರಿಲ್ಲದ್ದರಿಂದಲೇ ಅದು ಯಾವ ವಹಿಯಲ್ಲೂ ದಾಖಲಾಗುವುದಿಲ್ಲ, ಯಾವ ಗೋಡೆಯ ಮೇಲೂ ಕೆತ್ತಿಸಲ್ಪಡುವುದಿಲ್ಲ, ಪಡೆದ ಮನೆಯವರು ಮರುದಿನ ಅದೇ ಕಟ್ಟೆಯ ಮೇಲೆ ಸರಿಸಮನಾಗಿ ಕೂರಲು ಸಾಧ್ಯವಾಗುತ್ತದೆ. ಮೊಬೈಲಿನಲ್ಲಿ ಬರುವ ‘ನಿಧಿ ಸಂಗ್ರಹ’ದ ಮನವಿಗಳಲ್ಲಿ ಅದೇ ಮನೆಯವರ ಹೆಸರು, ಭಾವಚಿತ್ರ, ಕಾಯಿಲೆ, ಬೇಕಾದ ಮೊತ್ತ ಎಲ್ಲವೂ ಇರುತ್ತವೆ. ಹಣ ಬರುತ್ತದೆ, ಕೆಲವೊಮ್ಮೆ ಓಣಿ ಕೂಡಿಸಬಹುದಾದದ್ದಕ್ಕಿಂತ ಹೆಚ್ಚೇ ಬರುತ್ತದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಮುಂದಿನ ಪ್ರಾದೇಶಿಕ ನಿಘಂಟುಗಳಲ್ಲಿ ಪಟ್ಟಿಯ ಉಲ್ಲೇಖ ‘ಹಾಕು, ಎತ್ತು, ಕೊಡು’ ಎಂಬ ಕ್ರಿಯಾಪದಗಳ ಕೆಳಗೆ ಬೇರೆಬೇರೆಯಾಗಿ ಬರಬೇಕು. ತುಲಾಭಾರದ ಎರಡು ಕಾರಕ ವಿನ್ಯಾಸಗಳನ್ನು ಎರಡು ಅರ್ಥಗಳಾಗಿ ಎಣಿಸಬೇಕು. ಮುಯ್ಯಿಯಿಂದ ಆಯೇರಿಗೂ ಹರಕೆಗೂ ಅಡ್ಡ ಉಲ್ಲೇಖ ಬೇಕು, ದಾನಕ್ಕೆ ಬೇಡ. ‘ಕೂಡಿಸು’ ಎಂಬಲ್ಲಿ, ಒಂದು ಮನೆಯ ಕಷ್ಟಕ್ಕೆ ನೆರೆಯವರು ಹಣ ಒಟ್ಟುಗೂಡಿಸಿ ಕೊಡುವುದು ಎಂಬ ಅರ್ಥವನ್ನು ಬರೆದು, ಈ ಅರ್ಥದಲ್ಲಿ ನಾಮರೂಪವಿಲ್ಲ ಎಂಬ ಸೂಚನೆಯನ್ನು ಸೇರಿಸಬೇಕು.